ಮೇವು ಮೊದಲು, ಸಾಲ ಆಮೇಲೆ, ಹಸು ಕೊನೆಗೆ: ದೊಡ್ಡ ಡೈರಿ ಫಾರಂ ಚಿಕ್ಕದು ಮಾಡಿಕೊಳ್ಳುವ ಬಗೆ

ನಮ್ಮದು ಕೋಲಾರ ಜಿಲ್ಲೆ, ಮುಳಬಾಗಿಲು ತಾಲೂಕು. 2011ರಲ್ಲಿ 4 ಸೀಮೆಹಸು ಕಟ್ಟಿ ಶುರು ಮಾಡಿದ ಕೊಟ್ಟಿಗೆ 2019ರ ಹೊತ್ತಿಗೆ 42 ಹಸುಗಳ ಫಾರಂ ಆಯಿತು. ಅದರಲ್ಲಿ ಕರೆಯುವವು 30. ದಿನಕ್ಕೆ 400 ಲೀಟರ್ ಹಾಲು, ಹಾಲು ಕರೆಯುವ ಮಷೀನು ಎರಡು, ಆಳುಗಳು ಮೂವರು, ದಿನಕ್ಕೆ 5 ಮೂಟೆ ಫೀಡು. ಈಗ ಕರೆಯುವ ಹಸು ಎರಡು, ಮುದಿ ಹಸು ಒಂದು, ಕಡಸು ಒಂದು, ನಾಟಿ ಕೋಳಿ ಹದಿಮೂರು, ಜಮೀನು 3 ಎಕರೆ 10 ಗುಂಟೆ. ಅಲ್ಲಿಂದ ಇಲ್ಲಿಗೆ ಬರಲು 14 ತಿಂಗಳು ಹಿಡಿಯಿತು.

ನಮ್ಮ ಹಾಗೆ ಮಾಡಬೇಕು ಅಂತ ಇರುವವರು ಫೋನ್ ಮಾಡಿದರೆ ಮೊದಲು ಕೇಳುವುದು ಒಂದೇ ಮಾತು: "ಅಕ್ಕಾ, ಹಸು ಎಲ್ಲಿ ಮಾರಿದ್ರಿ?" ಮಾರುವುದು ಮೂರನೇ ಕೆಲಸ. ಅದನ್ನೇ ಮೊದಲು ಮಾಡಿದವರು ಆರು ತಿಂಗಳಲ್ಲಿ ಕೈ ಖಾಲಿ ಮಾಡಿಕೊಂಡು ಕೂತಿದ್ದನ್ನು ನೋಡಿದ್ದೇನೆ. ಹಸು ಹೋದ ದಿನವೇ ಹಾಲಿನ ದುಡ್ಡೂ ನಿಲ್ಲುತ್ತದೆ, ಆದರೆ ಜಮೀನು ಇನ್ನೂ ಏನನ್ನೂ ಕೊಡಲು ಶುರು ಮಾಡಿರುವುದಿಲ್ಲ.

ಫಾರಂ ಇದ್ದಾಗ ನಾವು ಮೇವು ಬೆಳೆಯುತ್ತಿರಲಿಲ್ಲ, ಕೊಳ್ಳುತ್ತಿದ್ದೆವು. ಜೋಳದ ಕಡ್ಡಿ ಲಾರಿಯಲ್ಲಿ, ರಾಗಿ ಹುಲ್ಲು ಟ್ರಾಕ್ಟರಿನಲ್ಲಿ, ಬೂಸಾ ಮೂಟೆಗಳಲ್ಲಿ ಬರುತ್ತಿತ್ತು. ಅದರ ಬೆಲೆ ಹೇಳುವವರು ಮಾರುವವರು. ಹಾಲಿನ ಬೆಲೆ ಹೇಳುವವರು ಇನ್ನೊಬ್ಬರು. ಇವೆರಡರ ಮಧ್ಯೆ ನಮಗೆ ಉಳಿಯುತ್ತಿದ್ದದ್ದು ಸಗಣಿ ಮತ್ತು ಬ್ಯಾಂಕಿನ ಕಂತು. ಹಾಗಾಗಿ ಚಿಕ್ಕದಾಗುವುದು ಅಂದರೆ ನಿಮ್ಮ ನೆಲ ಎಷ್ಟು ಹುಲ್ಲು ಕೊಡುತ್ತದೋ ಅಷ್ಟೇ ಹಸು ಇಟ್ಟುಕೊಳ್ಳುವುದು. ಅದಕ್ಕೆ ಮೊದಲು ಹುಲ್ಲಿನ ಲೆಕ್ಕ ಗೊತ್ತಿರಬೇಕು.

ನಾನು ಮಾಡಿದ್ದು ಹೀಗೆ. 20 ಗುಂಟೆಗೆ ಸಿಓ-4 ನೇಪಿಯರ್ ಅನ್ನುವ ಮೇವಿನ ಹುಲ್ಲಿನ ಕಡ್ಡಿ ನಾಟಿ ಮಾಡಿದೆವು. ಮೊದಲ ಕೊಯ್ಲಿನಿಂದಲೇ ತೂಕದ ತಕ್ಕಡಿಯನ್ನು ಹೊಂಗೆ ಮರದ ಕೊಂಬೆಗೆ ನೇತುಹಾಕಿ, ಪ್ರತಿ ಹೊರೆಯನ್ನೂ ತೂಗಿ, ಹಳೇ ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದೆ. ಮಳೆಗಾಲದಲ್ಲಿ ದಿನಕ್ಕೆ 120 ಕೆಜಿ ಸಿಕ್ಕಿತು. ಏಪ್ರಿಲಿನಲ್ಲಿ 55ಕ್ಕೆ ಇಳಿಯಿತು. ಒಂದು ಹಸುವಿಗೆ ದಿನಕ್ಕೆ 25ರಿಂದ 30 ಕೆಜಿ ಹಸಿಮೇವು ಬೇಕು. ಜುಲೈ ತಿಂಗಳಲ್ಲಿ ಹುಲ್ಲು ನೋಡಿದವರಿಗೆ ಐದು ಹಸು ಇಟ್ಟುಕೊಳ್ಳಬಹುದು ಅನ್ನಿಸುತ್ತದೆ. ನೀವು ಏಪ್ರಿಲಿನ ತೂಕ ನೋಡಿ ತೀರ್ಮಾನ ಮಾಡಿ. ನಾವು ಎರಡೇ ಸಾಕು ಅಂದದ್ದು ಆ 55 ನೋಡಿದ ಮೇಲೆ.

ಮಳೆಗಾಲದಲ್ಲಿ ಹೆಚ್ಚಾಗುವ ಮೇವನ್ನು ಹಾಳು ಮಾಡಬೇಡಿ. ಮುಸುಕಿನ ಜೋಳ ಸ್ವಲ್ಪ ಹಾಕಿ, ಕಾಳು ಹಾಲು ತುಂಬಿಕೊಂಡ ಹಂತದಲ್ಲಿ ಗಿಡ ಸಮೇತ ಕೊಯ್ದು, ಚಾಫ್ ಕಟರಿನಲ್ಲಿ ಸಣ್ಣಗೆ ಕತ್ತರಿಸಿ, ದಪ್ಪ ಚೀಲದಲ್ಲಿ ಗಾಳಿ ಉಳಿಯದಂತೆ ತುಳಿದು ಬಾಯಿ ಬಿಗಿಯಾಗಿ ಕಟ್ಟಿ. 45 ದಿನಕ್ಕೆ ರಸಮೇವು ಆಗುತ್ತದೆ. ಬಾಯಿ ಬಿಚ್ಚಿದಾಗ ಹುಳಿ ಹುಳಿಯಾಗಿ, ಹಣ್ಣಿನ ಹಾಗೆ ವಾಸನೆ ಬರಬೇಕು. ಬೂಷ್ಟು ಹಿಡಿದಿದ್ದನ್ನು ಹಸುವಿಗೆ ಹಾಕಲೇಬೇಡಿ, ತಿಪ್ಪೆಗೆ ಸುರಿಯಿರಿ. ನಮ್ಮ ಬೇಸಿಗೆ ಕಳೆಯುವುದು ಈ ಚೀಲಗಳಿಂದ.

ಒಣಹುಲ್ಲಿಗೆ ರಾಗಿ. ಒಂದೂವರೆ ಎಕರೆಯಲ್ಲಿ ಅಕ್ಕಡಿ ಸಾಲಿನ ಪದ್ಧತಿಗೆ ಮರಳಿದ್ದೇವೆ, ನಮ್ಮ ಅತ್ತೆ ಮಾಡುತ್ತಿದ್ದ ಹಾಗೆ: ಕೆಲವು ಸಾಲು ರಾಗಿಯಾದ ಮೇಲೆ ಒಂದು ಸಾಲು ಅವರೆ, ತೊಗರಿ, ಹುಚ್ಚೆಳ್ಳು, ನಡುನಡುವೆ ಜೋಳ. ರಾಗಿ ನಮಗೆ, ಹುಲ್ಲು ಹಸುವಿಗೆ, ಜೋಳದ ದಂಟು ಹಸುವಿಗೆ, ಅವರೆಕಾಯಿ ಸಂಕ್ರಾಂತಿ ತನಕ ಮನೆಗೂ ಸಂತೆಗೂ, ಅವರೆಯ ಹೊಟ್ಟು ಮತ್ತೆ ಹಸುವಿಗೆ. ಇಷ್ಟಾದರೂ ವರ್ಷಕ್ಕೆ ಒಂದು ಟ್ರಾಕ್ಟರ್ ಲೋಡು ರಾಗಿ ಹುಲ್ಲು ಕೊಳ್ಳುತ್ತೇವೆ. ಅದನ್ನು ಸುಗ್ಗಿಯಲ್ಲಿ, ಕಣದಿಂದಲೇ ಕೊಳ್ಳಿ. ಮಾರ್ಚಿಗೆ ಕಾದರೆ ಬೆಲೆ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಸಾಲದ ವಿಷಯ ಚಿಕ್ಕದು, ಆದರೆ ಬಿಡುವ ಹಾಗಿಲ್ಲ. ಮೊದಲು ಮಾರಿದ ಹಸುಗಳ ದುಡ್ಡು ನೇರ ಬ್ಯಾಂಕಿಗೆ ಹೋಗಲಿ. ಎರಡು ಹಸುವಿನ ಹಾಲಿನಲ್ಲಿ ನಲವತ್ತು ಹಸುವಿನ ಕಂತು ಕಟ್ಟಲು ಯಾರಿಂದಲೂ ಆಗುವುದಿಲ್ಲ. ತೀರಿದ ಮೇಲೆ ನೋ ಡ್ಯೂ (ಬಾಕಿ ಇಲ್ಲ ಅನ್ನುವ) ಪತ್ರ ತೆಗೆದುಕೊಂಡರೆ ಸಾಲದು, ಪಹಣಿಯ 11ನೇ ಕಾಲಂ ತೆಗೆಸಿ ನೋಡಿ. ಋಣ ಅಲ್ಲೇ ಕೂತಿದ್ದರೆ ಅದನ್ನು ತೆಗೆಸುವ ಓಡಾಟ ನೀವೇ ಮಾಡಬೇಕು.

ಈಗ ಹಸು. ದಳ್ಳಾಳಿಗಳು ಬಂದು "ಎಲ್ಲಾ ಒಟ್ಟಿಗೆ ಹೊಡ್ಕೊಂಡು ಹೋಗ್ತೀನಿ, ಕ್ಯಾಶ್ ತಗೊಳಿ" ಅನ್ನುತ್ತಾರೆ. ಬೆಲೆ ಕುದುರಿಸಲು ಟವೆಲ್ ಕೆಳಗೆ ಬೆರಳು ಹಿಡಿಯುವಾಗ ಒಳ್ಳೇ ಹಸುವಿನ ಬೆಲೆ ಕೆಟ್ಟ ಹಸುವಿನ ಬೆಲೆಗೆ ಸೇರಿಹೋಗುತ್ತದೆ. ನಾವು ತಿಂಗಳಿಗೆ ಮೂರರಂತೆ, ಬಿಡಿಬಿಡಿಯಾಗಿ, ಸಾಕುವ ರೈತರಿಗೇ ಕೊಟ್ಟೆವು. ಕೊಳ್ಳುವವರನ್ನು ಹಿಂದಿನ ಸಂಜೆಯೇ ಕರೆಸಿ, ಸಂಜೆ ಬೆಳಿಗ್ಗೆ ಎರಡು ಹೊತ್ತಿನ ಹಾಲೂ ಅವರ ಮುಂದೆ ಕರೆದು ತೋರಿಸಿದೆವು. ಏಳು ತಿಂಗಳ ಗಬ್ಬದ ಹಸುವಿಗೆ ಒಳ್ಳೇ ಬೆಲೆ ಬರುತ್ತದೆ, ಅಂಥವನ್ನು ಆ ಸಮಯ ನೋಡಿಯೇ ಕೊಡಿ. ಹಸುವಿನ ಕಿವಿ ಓಲೆಯ (ಗುರುತಿನ ಟ್ಯಾಗಿನ) 12 ಅಂಕಿಯ ನಂಬರಿನಲ್ಲಿ ಮಾಲೀಕರ ಹೆಸರು ಬದಲಾಯಿಸಲು ಪಶು ಆಸ್ಪತ್ರೆಗೆ ಇಬ್ಬರೂ ಜೊತೆಯಾಗಿ ಹೋಗಿಬನ್ನಿ.

ವಯಸ್ಸಾದ ಹಸುಗಳ ಬಗ್ಗೆ ಮುಂಚೆಯೇ ಯೋಚಿಸಿ. 2021ರಿಂದ ಜಾರಿಯಲ್ಲಿರುವ ರಾಜ್ಯದ ಕಾಯ್ದೆಯ ಪ್ರಕಾರ ಹಸುವನ್ನು, ಎತ್ತನ್ನು, ಕರುವನ್ನು ಕಸಾಯಿಗೆ ಕೊಡುವ ಹಾಗಿಲ್ಲ. ಹಾಲು ನಿಂತ ಹಸುವನ್ನು ಕೊಳ್ಳುವ ರೈತರೂ ಇಲ್ಲ. ನಮ್ಮಲ್ಲಿ ಎರಡು ಹಾಗೆ ಉಳಿದವು. ಒಂದು ಹೋದ ಕಾರ್ತಿಕದಲ್ಲಿ ತೀರಿಕೊಂಡಿತು. ಇನ್ನೊಂದು, 2011ರಲ್ಲಿ ಬಂದ ನಾಲ್ಕರಲ್ಲಿ ಒಂದರ ಮಗಳು, ಈಗಲೂ ದಿನಕ್ಕೆ 15 ಕೆಜಿ ಹುಲ್ಲು ತಿನ್ನುತ್ತದೆ. ಈ ಮನೆ ಕಟ್ಟಿದ್ದು ಅವಳ ಹಾಲಿನಲ್ಲಿ. ಆ 15 ಕೆಜಿಯನ್ನು ನಾನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಂಡಿದ್ದೆ, ನೀವೂ ಸೇರಿಸಿಕೊಳ್ಳಿ.

ಯಾವುದನ್ನು ಉಳಿಸಿಕೊಳ್ಳಬೇಕು? ಇದರಲ್ಲಿ ನಮ್ಮ ಯಜಮಾನರಿಗೂ ನನಗೂ ಒಂದು ವಾರ ಮಾತಿಗೆ ಮಾತಾಯಿತು. ಅವರಿಗೆ 26 ಲೀಟರ್ ಕೊಡುವ, ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ ಎಚ್‌ಎಫ್ ಹಸುವನ್ನು ಬಿಡಲು ಮನಸ್ಸಿಲ್ಲ. ಆದರೆ ಸುಮಾರು ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ ಫೀಡು ಬೇಕು, ಮೈ ಕಾಯಲು ಬೇರೆ ಒಂದೂವರೆ ಎರಡು ಕೆಜಿ. ಆ ಹಸು ನಮ್ಮ ಹುಲ್ಲಿನ ಮೇಲೆ ಬದುಕುವುದಿಲ್ಲ, ಮೂಟೆಯ ಮೇಲೆ ಬದುಕುತ್ತದೆ. ಮೂಟೆ ಕಡಿಮೆ ಮಾಡಿದರೆ ಎಲುಬು ಬಿಟ್ಟುಕೊಂಡು, ಬೆದೆಗೂ ಬರದೆ ನಿಲ್ಲುತ್ತದೆ. ಕೊನೆಗೆ 10ರಿಂದ 12 ಲೀಟರ್ ಕೊಡುವ ಎರಡು ಜರ್ಸಿ ಮಿಶ್ರತಳಿ ಹಸು ಇಟ್ಟುಕೊಂಡೆವು. ಎರಡನೇ ಸೂಲಿನವು, ಗೊರಸು ಗಟ್ಟಿ, ಕೆಚ್ಚಲು ಬಾವು ಒಮ್ಮೆಯೂ ಬಂದಿಲ್ಲ, ಒಂದೇ ಇಂಜೆಕ್ಷನ್ನಿಗೆ ಗಬ್ಬ ನಿಲ್ಲುವಂಥವು. ಎರಡರ ಕರು ಹಾಕುವ ಕಾಲಕ್ಕೂ ಐದಾರು ತಿಂಗಳ ಅಂತರ ಇರುವಂತೆ ಆರಿಸಿ. ಒಂದನ್ನು ಎರಡು ತಿಂಗಳು ಬತ್ತಿಸಿದಾಗ ಇನ್ನೊಂದು ಕರೆಯುತ್ತಿರುತ್ತದೆ, ಮನೆಯಲ್ಲಿ ಹಾಲು ನಿಲ್ಲುವುದಿಲ್ಲ.

ಎರಡೇ ಹಸು ಅಂತ ವಿಮೆ ಬಿಡಬೇಡಿ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ನಮ್ಮ ಐದು ಹಸು ಹೋದವು. ಅದರಲ್ಲಿ ಎರಡಕ್ಕೆ ಕಿವಿ ಓಲೆ ಬಿದ್ದುಹೋಗಿತ್ತು ಅನ್ನುವ ಕಾರಣಕ್ಕೆ ವಿಮೆ ಕಂಪನಿಯವರು ಬಿಡಿಗಾಸು ಕೊಡಲಿಲ್ಲ. ಫಾರಂ ಮುಚ್ಚುವ ಯೋಚನೆ ಬಂದದ್ದು ಅವತ್ತಿನ ರಾತ್ರಿ. ಓಲೆ ಬಿದ್ದರೆ ಅದೇ ದಿನ ತಿಳಿಸಿ, ಹೊಸದು ಹಾಕಿಸಿ, ಫೋಟೋ ತೆಗೆದಿಟ್ಟುಕೊಳ್ಳಿ.

ಮಷೀನು ಮಾರಿದ ಮೇಲೆ ಕೈಯಲ್ಲಿ ಕರೆಯುವುದನ್ನು ನಾನು ಮತ್ತೆ ಕಲಿಯಬೇಕಾಯಿತು. ಎಂಟು ವರ್ಷ ಮಷೀನೇ ಕರೆದಿತ್ತು. ಮೊದಲ ವಾರ ರಾತ್ರಿ ಮುದ್ದೆ ಮುರಿಯಲೂ ಬೆರಳು ಮಡಚುತ್ತಿರಲಿಲ್ಲ. ಹೆಬ್ಬೆರಳು ಒಳಗೆ ಮಡಚಿ ಎಳೆಯುವ ಅಭ್ಯಾಸ ನಮ್ಮ ಕಡೆ ಬಹಳ ಜನಕ್ಕಿದೆ, ಅದರಿಂದ ಮೊಲೆಗೆ ಒಳಗಾಯ ಆಗುತ್ತದೆ. ತೋರುಬೆರಳು, ಹೆಬ್ಬೆರಳಿನಿಂದ ಮೊಲೆಯ ಬುಡವನ್ನು ಉಂಗುರದ ಹಾಗೆ ಹಿಡಿದು, ಉಳಿದ ಬೆರಳುಗಳನ್ನು ಒಂದೊಂದಾಗಿ ಮೇಲಿಂದ ಕೆಳಕ್ಕೆ ಮುಚ್ಚುತ್ತಾ ಬನ್ನಿ. ಎಳೆಯಬೇಡಿ, ಹಿಂಡಿ. ಮೊದಲ ನಾಲ್ಕು ಧಾರೆ ಕಪ್ಪು ತಟ್ಟೆಗೆ ಬಿಟ್ಟು ನೋಡಿ, ಮೊಸರಿನ ಚೂರಿನ ಹಾಗೆ ಏನಾದರೂ ಕಂಡರೆ ಕೆಚ್ಚಲು ಬಾವು ಶುರುವಾಗಿದೆ. ಆ ಹಾಲು ಬೇರೆ ಇಟ್ಟು, ಅವತ್ತೇ ಡಾಕ್ಟರನ್ನು ಕರೆಸಿ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ಗಾಡಿ ಬರುತ್ತದೆ. ಕರೆದ ಕೂಡಲೇ ಹಸು ಮಲಗದಂತೆ ಗೋದಲಿಗೆ ಹುಲ್ಲು ಹಾಕಿ. ಮೊಲೆಯ ತೂತು ಮುಚ್ಚಿಕೊಳ್ಳಲು ಅರ್ಧ ಗಂಟೆ ಬೇಕು, ಅಷ್ಟರೊಳಗೆ ನೆಲ ತಾಕಿದರೆ ಸೋಂಕು ಒಳಗೆ ಹೋಗುತ್ತದೆ.

ಹಾಲನ್ನು ಪೂರ್ತಿ ಮನೆಮನೆಗೆ ಕೊಡಲು ಹೋಗಬೇಡಿ. ಸಂಘದ ಡೈರಿಗೆ ಹಾಕಿದ ಹಾಲಿಗೆ ಲೀಟರಿಗೆ 5 ರೂಪಾಯಿ ಸರ್ಕಾರದ ಪ್ರೋತ್ಸಾಹಧನ ಇದೆ, ಜೊತೆಗೆ ಸದಸ್ಯತ್ವ ಉಳಿಯಲು ವರ್ಷಕ್ಕೆ ಇಷ್ಟು ಹಾಲು ಹಾಕಿರಬೇಕು ಅನ್ನುವ ನಿಯಮವಿರುತ್ತದೆ. ನಿಮ್ಮ ಸಂಘದ ಕಾರ್ಯದರ್ಶಿಯನ್ನು ಕೇಳಿ. ತುಪ್ಪ ಮಾಡಿ ಮಾರುತ್ತೇನೆ ಅನ್ನುವವರು ಲೆಕ್ಕ ಹಾಕಿ: 4 ಫ್ಯಾಟಿನ (ನೂರಕ್ಕೆ ನಾಲ್ಕು ಕೊಬ್ಬಿನ) ಹಾಲಾದರೆ ಒಂದು ಕೆಜಿ ತುಪ್ಪಕ್ಕೆ 25 ಲೀಟರಿಗಿಂತ ಕಡಿಮೆ ಸಾಲದು.

ಶೆಡ್ ಕೆಡವಬೇಡಿ. ನೆಲ ತೊಳೆದು, ಸುಣ್ಣ ಹೊಡೆಸಿ, ಒಂದು ಕಡೆ ಹುಲ್ಲು ಒಟ್ಟಿ, ಇನ್ನೊಂದು ಕಡೆ ಕೋಳಿಗೂಡು ಮಾಡಿ. ಗೂಡು ನೆಲದಿಂದ ಎರಡು ಅಡಿ ಮೇಲಿರಲಿ, ಮುಂಗುಸಿ ಕಾಟ. ಹತ್ತು ಹನ್ನೆರಡು ಹೇಂಟೆಗೆ ಒಂದು ಹುಂಜ ಸಾಕು. ಮರಿಗಳಿಗೆ ಮೊದಲ ವಾರವೇ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಕಣ್ಣಿಗೊಂದು ಹನಿ ಹಾಕಿಸಿ. ಇದನ್ನು ಬಿಟ್ಟವರ ಮನೆಯಲ್ಲಿ ಒಂದೇ ವಾರಕ್ಕೆ ಗೂಡು ಖಾಲಿಯಾಗುತ್ತದೆ. ದೊಡ್ಡ ಗೋಬರ್ ಗ್ಯಾಸ್ ಇದ್ದವರಿಗೆ ಒಂದು ಮಾತು: ಒಂದು ಘನ ಮೀಟರಿಗೆ ದಿನಕ್ಕೆ 25 ಕೆಜಿ ಸಗಣಿ ಬೇಕು, ಹಳೆಯದು ಇನ್ನು ತುಂಬುವುದಿಲ್ಲ. ನಾವು ಚಿಕ್ಕದು ಕಟ್ಟಿಸಿದೆವು, ಈಗ ಸಗಣಿಯೆಲ್ಲಾ ಅದಕ್ಕೇ ಆಗುತ್ತದೆ. ಹೊಲಕ್ಕೆ ಗೊಬ್ಬರ ಸಾಲದಾಗ ಬೇಸಿಗೆಯಲ್ಲಿ ಕುರಿಮಂದೆ ಹಾಕಿಸುತ್ತೇವೆ.

ಕೊನೆಯದಾಗಿ, ಎರಡು ಹಸುವಾದರೂ ದಿನಕ್ಕೆ ಎರಡು ಹೊತ್ತು ಕರೆಯಲೇಬೇಕು. ಆಳುಗಳಿಲ್ಲ. ಹಾಗಾಗಿ ಪಕ್ಕದ ಮನೆಯವರೊಬ್ಬರಿಗೆ ಹಸುವನ್ನು ಒಗ್ಗಿಸಿಡಿ. ನಾನು ಎದುರುಮನೆ ಅತ್ತಿಗೆಯನ್ನು ಮೂರು ವಾರ ಸಂಜೆ ಹೊತ್ತು ಜೊತೆಗೆ ಕೂರಿಸಿಕೊಂಡೆ. ಮೊದಲ ನಾಲ್ಕು ದಿನ ಹಸುಗಳು ಸೊರೆ ಬಿಡಲಿಲ್ಲ, ಹಾಲು ಇಳಿಸಲಿಲ್ಲ, ಆಮೇಲೆ ಅವರ ಸೀರೆ ಸದ್ದು ಕೇಳಿದರೇ ತಿರುಗಿ ನೋಡತೊಡಗಿದವು. ಅವರ ಹಸುವನ್ನು ನಾನು ನೋಡಿಕೊಳ್ಳುತ್ತೇನೆ, ನಮ್ಮದನ್ನು ಅವರು. ಕಳೆದ ಮಾಘದಲ್ಲಿ ನನ್ನ ತಂಗಿ ಮಗಳ ಮದುವೆಗೆ ನಾವಿಬ್ಬರೂ ಒಟ್ಟಿಗೆ ಹೋಗಿ, ಎರಡು ರಾತ್ರಿ ಉಳಿದು ಬಂದೆವು. 2011ರಿಂದ ಈಚೆಗೆ ಅದೇ ಮೊದಲು.