ಆಯುಧದ ನಿಜವಾದ ತೂಕ

ಹೋದ ವರ್ಷ ಮೇ ತಿಂಗಳ ಒಂದು ಸಂಜೆ. ಕಲಬುರಗಿಯ ಸೇಡಂ ರಸ್ತೆಯ ನನ್ನ ಕೋಣೆಯಲ್ಲಿ ಶಹಾಬಾದಿ ಕಲ್ಲಿನ ನೆಲಕ್ಕೆ ನೀರು ಚೆಲ್ಲಿಕೊಂಡು ಕೂತಿದ್ದೆವು. ನಾಲ್ಕು ಹುಡುಗರು ನನ್ನ ಎದುರಿಗೇ ಇದ್ದರು. ಬೀದರಿನಿಂದ ಇಬ್ಬರು, ಯಾದಗಿರಿಯಿಂದ ಇಬ್ಬರು ಆನ್‌ಲೈನ್‌ನಲ್ಲಿ ಸೇರಿದ್ದರು. ನಾಲ್ಕರ ಎದುರು ನಾಲ್ಕು. ನಾನೇ ಎರಡು ವರ್ಷ ರಾತ್ರಿ ಕೂತು ಬರೆದ ಮೆಕ್ ಆಟ ಅದು. ಮೆಕ್ ಅಂದರೆ ಮನುಷ್ಯನ ಹಾಗೆ ಎರಡು ಕಾಲಿನ ಮೇಲೆ ನಡೆಯುವ ದೊಡ್ಡ ಯುದ್ಧಯಂತ್ರ. ಒಳಗೊಬ್ಬ ಪೈಲಟ್. ಕೈಗೆ, ಎದೆಗೆ, ಹೆಗಲಿಗೆ ಯಾವ ಆಯುಧ ಕಟ್ಟಬೇಕು ಅನ್ನೋದನ್ನು ಆಡುವವನೇ ತೀರ್ಮಾನಿಸುತ್ತಾನೆ. ಹಾಗೆ ಜೋಡಿಸಿದ್ದಕ್ಕೆ ಬಿಲ್ಡ್ ಅಂತೀವಿ.

ಶಹಾಬಾದಿನ ಹುಡುಗ ಅವತ್ತು ತನ್ನ ಮೆಕ್‌ಗೆ ಆರು ಮೀಡಿಯಂ ಲೇಸರ್ ಕಟ್ಟಿಕೊಂಡು ಬಂದಿದ್ದ. ಒಂದು ಲೇಸರಿನ ಹೊಡೆತ 5. ಆರೂ ಒಟ್ಟಿಗೆ ಬಿಟ್ಟರೆ 30. ನನ್ನ ಆಟದಲ್ಲಿ ಎದುರಾಳಿಯ ಎದೆಯ ಕವಚವೂ 30. ಒಂದೇ ಕ್ಲಿಕ್, ಕಥೆ ಮುಗೀತು. ಅರ್ಧ ಗಂಟೆಯಲ್ಲಿ ಬೀದರಿನ ಗೆಳೆಯ ಹೆಡ್‌ಫೋನಿನಲ್ಲಿ ಸಿಟ್ಟಾದ:

"ಅಣ್ಣಾ, ಮೂಲಿ ದಾಟೂದ್ರಾಗೇ ಸಾಯ್ಲಕತ್ತೀನಿ. ಯಾರ್ ಹೊಡೆದ್ರಂತ ಸೈತ ಕಾಣವಲ್ದು. ಇದ್ರಾಗ ಆಟ ಎಲ್ಲದ?"

ಅವನ ಮಾತು ನಿಜವಾಗಿತ್ತು. ಅವತ್ತು ಎಂಟೂ ಜನ ಬೇಗ ಎದ್ದು ಹೋದರು. ಮುಂದಿನ ಮೂರು ತಿಂಗಳು ನಾನು ಇದೊಂದರ ಹಿಂದೆಯೇ ಬಿದ್ದೆ.

ಮೊದಲ ರಾತ್ರಿ ಎಲ್ಲರೂ ಮಾಡುವುದನ್ನೇ ಮಾಡಿದೆ. ಲೇಸರಿನ ಹೊಡೆತವನ್ನು 5ರಿಂದ 4ಕ್ಕೆ ಇಳಿಸಿದೆ. ಮರುದಿನ ಅವನು ಇನ್ನೆರಡು ಲೇಸರ್ ಸೇರಿಸಿಕೊಂಡು ಬಂದ. ಎಂಟು ನಾಲ್ಕಲೆ 32. ಮೊದಲಿಗಿಂತ ಜಾಸ್ತಿಯೇ ಆಯಿತು! ಪೆಟ್ಟು ಬಿದ್ದದ್ದು ನನ್ನ ಅಕ್ಕನ ಮಗನಿಗೆ. ಅವನು ಎಂಟನೇ ತರಗತಿ. ಎರಡೇ ಲೇಸರ್ ಇರುವ ಸಣ್ಣ ಮೆಕ್ ಅವನದು. ಅವನ ಹೊಡೆತ 10ರಿಂದ 8ಕ್ಕೆ ಬಂತು, ಅವನಿಗೆ ಸೇರಿಸಿಕೊಳ್ಳಲು ಜಾಗವೂ ಇರಲಿಲ್ಲ. ಹೊಡೆತ ಕಡಿಮೆ ಮಾಡಿದರೆ ರಾಶಿ ಹಾಕುವವನಿಗೆ ಏನೂ ಆಗುವುದಿಲ್ಲ, ಒಂದೆರಡು ಇಟ್ಟುಕೊಂಡವನು ಸಾಯುತ್ತಾನೆ. ಆಮೇಲೆ ನಾನು ಹೊಡೆತದ ಅಂಕಿಯನ್ನು ಮೊದಲು ಮುಟ್ಟುವುದನ್ನೇ ಬಿಟ್ಟೆ.

ತಪ್ಪು ಎಲ್ಲಿದೆ ಅಂತ ಗೊತ್ತಾಗಲು ಒಂದು ನೋಟ್‌ಬುಕ್ ಬೇಕಾಯಿತು. ನಾನು ಆಯುಧಗಳ ಅಂಕಿಗಳನ್ನು ತೆಗೆದುಕೊಂಡಿದ್ದು ಬ್ಯಾಟಲ್‌ಟೆಕ್‌ನಿಂದ. ಇದು 1984ರಲ್ಲಿ ಅಮೆರಿಕದ ಫಾಸಾ ಅನ್ನೋ ಕಂಪನಿ ತಂದ ಟೇಬಲ್ ಆಟ. ಕಾಗದ, ದಾಳ, ಆರು ಮೂಲೆಯ ಮನೆಗಳ ನಕ್ಷೆ. ಇವತ್ತಿನ ಎಷ್ಟೋ ಮೆಕ್ ಆಟಗಳ ಬೇರು ಅಲ್ಲಿದೆ. ಅದರ ಅಂಕಿಗಳನ್ನು ನಲವತ್ತು ವರ್ಷದಿಂದ ಜನ ಆಡಿ ನೋಡಿದ್ದಾರೆ, ಸುಮ್ನೆ ಹಾಗೇ ಇಳಿಸಿಕೊಂಡರೆ ಸಾಕು ಅಂದುಕೊಂಡಿದ್ದೆ.

ನಮ್ಮಪ್ಪ ತೊಗರಿ ಬೆಳೆಯುತ್ತಾರೆ. ಗಂಜ್ ಮಾರುಕಟ್ಟೆಗೆ ಒಯ್ದ ದಿನ ಮನೆಗೆ ಬಂದು ಒಂದು ಚೀಟಿಯ ಹಿಂದೆ ಲೆಕ್ಕ ಬರೆಯುತ್ತಾರೆ. ಕ್ವಿಂಟಲ್ ದರ ಮೇಲೆ, ಕೆಳಗೆ ಗಾಡಿ ಬಾಡಿಗೆ, ಹಮಾಲಿ, ಚೀಲ. ಕೊನೆಗೆ ಕೈಗೆ ಬಂದ ರೊಕ್ಕ. ನಾನೂ ಆಯುಧಗಳಿಗೆ ಅದೇ ಲೆಕ್ಕ ಹಾಕಿದೆ. ಬ್ಯಾಟಲ್‌ಟೆಕ್‌ನಲ್ಲಿ ಮೀಡಿಯಂ ಲೇಸರ್ 1 ಟನ್ ತೂಗುತ್ತದೆ, 5 ಹೊಡೆಯುತ್ತದೆ, 3 ಶಾಖ ಹುಟ್ಟಿಸುತ್ತದೆ. ಹೀಟ್ ಸಿಂಕ್ ಅನ್ನೋ ತಂಪು ಮಾಡುವ ಭಾಗ 1 ಟನ್ ತೂಗಿ 1 ಶಾಖ ಇಳಿಸುತ್ತದೆ. ಅಂದರೆ ಆ ಲೇಸರನ್ನು ಬಿಸಿಯಾಗದೆ ಬಿಡುತ್ತಲೇ ಇರಬೇಕಾದರೆ ನಿಜವಾದ ತೂಕ 4 ಟನ್. ಪಿಪಿಸಿ ಅನ್ನೋ ದೊಡ್ಡ ಆಯುಧ 7 ಟನ್, ಹೊಡೆತ 10, ಶಾಖವೂ 10. ನಿಜವಾದ ತೂಕ 17 ಟನ್. ಎಸಿ 20 ಅನ್ನೋ ತೋಪು 14 ಟನ್, ಶಾಖ 7, ಮದ್ದುಗುಂಡಿಗೆ ಇನ್ನೊಂದು ಟನ್. ಒಟ್ಟು 22 ಟನ್‌ಗೆ 20 ಹೊಡೆತ.

ಒಂದು ಟನ್‌ಗೆ ಎಷ್ಟು ಹೊಡೆತ ಬಂತು ಅಂತ ಭಾಗಿಸಿ ನೋಡಿ. ಲೇಸರಿಗೆ 1.25. ತೋಪಿಗೆ ಸುಮಾರು 0.9. ಪಿಪಿಸಿಗೆ 0.6 ಕೂಡ ಇಲ್ಲ. ಪಿಪಿಸಿಯ ಸಮಾಧಾನ ಅಂದರೆ ದೂರ. ಅದು 540 ಮೀಟರ್ ತಲುಪುತ್ತದೆ, ಮೀಡಿಯಂ ಲೇಸರ್ 270 ಮೀಟರ್ ಮಾತ್ರ. ಇನ್ನೂ ಒಂದು ವಿಷಯವಿದೆ. ಎಂಜಿನ್ ಜೊತೆಗೇ 10 ಹೀಟ್ ಸಿಂಕ್ ತೂಕವಿಲ್ಲದೆ ಬರುತ್ತವೆ. ಮೂರು ಮೀಡಿಯಂ ಲೇಸರ್ ಸೇರಿ 9 ಶಾಖ. ಅಂದರೆ ಮೊದಲ ಮೂರು ಲೇಸರ್‌ಗಳನ್ನು ತಂಪು ಮಾಡಲು ಖರ್ಚೇ ಇಲ್ಲ.

ಹಾಗಾದರೆ ಟೇಬಲ್ ಮೇಲೆ ಎಲ್ಲರೂ ಲೇಸರನ್ನೇ ಯಾಕೆ ರಾಶಿ ಹಾಕುವುದಿಲ್ಲ? ಇದಕ್ಕೆ ಉತ್ತರ ಸಿಕ್ಕ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಉತ್ತರ ದಾಳದಲ್ಲಿತ್ತು. ಅಲ್ಲಿ ಪ್ರತಿ ಆಯುಧದ ಪೆಟ್ಟಿಗೂ ಎರಡು ದಾಳ ಬೇರೆಯಾಗಿ ಉರುಳಿಸುತ್ತಾರೆ. 2 ಅಥವಾ 7 ಬಿದ್ದರೆ ಎದೆಯ ನಡುವೆ, 12 ಬಿದ್ದರೆ ತಲೆಗೆ, ಉಳಿದದ್ದು ಕೈ, ಕಾಲು, ಪಕ್ಕೆ. ನಾಲ್ಕು ಲೇಸರ್ ಬಿಟ್ಟರೆ 20 ಹೊಡೆತ ನಾಲ್ಕು ಕಡೆ ಚದುರುತ್ತದೆ. ಎಸಿ 20 ಬಿಟ್ಟರೆ ಇಡೀ 20 ಒಂದೇ ಕಡೆ ಬೀಳುತ್ತದೆ. ಆ ಭಾರವಾದ ತೋಪಿಗೆ ಕೊಟ್ಟ ಬೆಲೆ ಪೆಟ್ಟು ಒಂದೇ ಕಡೆ ಬೀಳುವುದಕ್ಕೆ. ನಾನು ಆಟಕ್ಕೆ ಮೌಸ್ ಕೊಟ್ಟ ಕ್ಷಣವೇ ದಾಳ ಹೋಯಿತು. ಆರು ಲೇಸರೂ ಮೌಸ್ ತೋರಿಸಿದ ಒಂದೇ ಬಿಂದುವಿಗೆ ಬಿದ್ದವು. ತೋಪಿನ ಗುಣವನ್ನು ಲೇಸರಿಗೆ ಬಿಟ್ಟಿ ಕೊಟ್ಟುಬಿಟ್ಟಿದ್ದೆ, ತೂಕವನ್ನು ಮಾತ್ರ 1 ಟನ್ ಅಂತಲೇ ಇಟ್ಟಿದ್ದೆ.

ದೊಡ್ಡವರೂ ಇದೇ ಕಲ್ಲಿಗೆ ಎಡವಿದ್ದಾರೆ. ಕೆನಡಾದ ಪಿರಾನ್ಹಾ ಗೇಮ್ಸ್ 2013ರಲ್ಲಿ ಮೆಕ್‌ವಾರಿಯರ್ ಆನ್‌ಲೈನ್ ಅನ್ನೋ, ಬ್ಯಾಟಲ್‌ಟೆಕ್‌ನಿಂದಲೇ ಹುಟ್ಟಿದ ಕಂಪ್ಯೂಟರ್ ಆಟ ಬಿಡುಗಡೆ ಮಾಡಿತು. ಮೌಸ್ ಗುರಿಗೆ ತಾಳಿಕೊಳ್ಳಲಿ ಅಂತ ಅವರು ಕವಚವನ್ನು ಟೇಬಲ್ ಆಟದ ಎರಡರಷ್ಟು ಮಾಡಿದರು. ಆದರೂ 85 ಟನ್‌ನ ಸ್ಟಾಕರ್ ಮೆಕ್‌ಗೆ ಆರು ಪಿಪಿಸಿ ಕಟ್ಟಿ ಒಂದೇ ಏಟಿಗೆ 60 ಹೊಡೆಯುವವರು ಬಂದರು. ಅದೇ ವರ್ಷ ಅವರೊಂದು ನಿಯಮ ತಂದರು. ಒಂದೇ ಜಾತಿಯ ಆಯುಧಗಳನ್ನು ಮಿತಿ ಮೀರಿ ಅರ್ಧ ಸೆಕೆಂಡಿನೊಳಗೆ ಬಿಟ್ಟರೆ ಶಾಖ ದಂಡದ ಹಾಗೆ ಏರುತ್ತದೆ. ಆಡುವವರು ಅದನ್ನು ಘೋಸ್ಟ್ ಹೀಟ್, ಅಂದರೆ ದೆವ್ವದ ಶಾಖ, ಅಂತ ಕರೆದರು. ಆ ಶಾಖ ಎಲ್ಲಿಂದ ಬಂತು ಅಂತ ಕಣ್ಣಿಗೆ ಕಾಣುತ್ತಿರಲಿಲ್ಲ.

ನಾನೂ ಅದನ್ನು ಹಾಕಿ ನೋಡಿದೆ. ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಶಹಾಬಾದಿನ ಹುಡುಗ ಮೂರು ಮೀಡಿಯಂ ಲೇಸರಿಗೆ ಎರಡು ಲಾರ್ಜ್ ಲೇಸರ್ ಸೇರಿಸಿದ. ಜಾತಿ ಬೇರೆ, ದಂಡ ಇಲ್ಲ. ಮೆಕ್‌ವಾರಿಯರ್‌ನಲ್ಲೂ ಹೀಗೇ ಆಗಿತ್ತು, ಜನ ಪಿಪಿಸಿ ಜೊತೆ ಬೇರೆ ತೋಪು ಬೆರೆಸಿಕೊಂಡರು. ಇತ್ತ ಅಕ್ಕನ ಮಗ ತನ್ನ ಮೆಕ್ ದಿಢೀರ್ ಅಂತ ಯಾಕೆ ಬಂದ್ ಆಯಿತು ಅಂತ ತಿಳಿಯದೆ ನನ್ನ ಮುಖ ನೋಡುತ್ತಿದ್ದ. ಆಡುವವನಿಗೆ ಕಾಣದ ನಿಯಮ ನನಗೆ ಬೇಡ ಅನ್ನಿಸಿತು. ತೆಗೆದುಹಾಕಿದೆ.

ಆಮೇಲೆ ಮಾಡಿದ್ದು ಇದು. ಲೇಸರನ್ನು ಒಂದು ಕ್ಷಣದ ಏಟಾಗಿ ಬಿಡದೆ 0.8 ಸೆಕೆಂಡಿನ ಕಿರಣವಾಗಿ ಮಾಡಿದೆ. ಮೆಕ್‌ವಾರಿಯರ್‌ನ ಲೇಸರ್‌ಗಳೂ ಹೀಗೆ ಉರಿಯುತ್ತವೆ. ಹೊಡೆತ ಎಂಟು ಚೂರಾಗಿ ಹಂಚಿಹೋಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವ ಮೆಕ್ ಅಷ್ಟರಲ್ಲಿ 13 ಮೀಟರ್ ಸರಿದಿರುತ್ತದೆ. ಕಿರಣ ಎದೆಯಿಂದ ತೋಳಿಗೆ, ತೋಳಿನಿಂದ ಗೋಡೆಗೆ ಜಾರುತ್ತದೆ. ಗುರಿ ಹಿಡಿದು ನಿಲ್ಲಿಸುವ ಕೈ ಇದ್ದವನಿಗೆ ಪೂರ್ತಿ ಹೊಡೆತ, ಇಲ್ಲದವನಿಗೆ ಅರ್ಧ. ಹೊಡೆಸಿಕೊಳ್ಳುವವನೂ ಮೈ ತಿರುಗಿಸಿ ತೋಳನ್ನು ಅಡ್ಡ ಕೊಡಬಹುದು. ದಾಳ ಮಾಡುತ್ತಿದ್ದ ಚದುರಿಸುವ ಕೆಲಸ ಈಗ ಇಬ್ಬರು ಆಟಗಾರರ ಕೈಗೆ ಬಂತು. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಬದಲಾವಣೆ ಇದೇ. ತೋಪಿನ ಗುಂಡು ಮಾತ್ರ ಹಳೆಯ ಹಾಗೆ ಒಂದೇ ಏಟು, ಒಂದೇ ಜಾಗ. ಅದರ 14 ಟನ್‌ಗೆ ಮತ್ತೆ ಅರ್ಥ ಬಂತು.

ಎರಡನೆಯದು ಶಾಖ. ಮೊದಲು ನನ್ನ ಆಟದಲ್ಲಿ ಶಾಖ 99 ಇದ್ದರೂ ಮೆಕ್ ತಂಪಾಗಿದ್ದಾಗಿನ ಹಾಗೇ ಓಡುತ್ತಿತ್ತು. 100 ಮುಟ್ಟಿದರೆ ಮಾತ್ರ ನಿಲ್ಲುತ್ತಿತ್ತು. ಹಾಗಾಗಿ ಎಲ್ಲರೂ 99ರವರೆಗೆ ಸುರಿದು ಗೋಡೆ ಹಿಂದೆ ಹೋಗುತ್ತಿದ್ದರು. ಆದರೆ ಬಿಸಿಲು ಹಾಗೆ ಕೆಲಸ ಮಾಡುವುದಿಲ್ಲ ಅಲ್ವಾ? ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಸೂಪರ್ ಮಾರ್ಕೆಟಿನಿಂದ ಜಗತ್ ಸರ್ಕಲ್‌ವರೆಗೆ ನಡೆದವರನ್ನು ಕೇಳಿ. ಕಣ್ಣು ಕತ್ತಲೆ ಬರುವುದು ಕೊನೆಗೆ. ಮೊದಲು ಕಾಲು ಭಾರ ಆಗುತ್ತದೆ, ಆಮೇಲೆ ತಲೆ ಮಂದ ಆಗುತ್ತದೆ. ಬ್ಯಾಟಲ್‌ಟೆಕ್‌ನಲ್ಲೂ ಇದೇ ಕ್ರಮ. ಶಾಖ 5 ಆದಾಗ ನಡಿಗೆ ನಿಧಾನ, 8 ಆದಾಗ ಗುರಿ ಕೆಡುತ್ತದೆ, 14ರಿಂದ ಯಂತ್ರ ನಿಂತುಹೋಗುವ ಭಯ, 30ಕ್ಕೆ ಖಂಡಿತ ಬಂದ್. ನಾನು ಅದನ್ನೇ ನನ್ನ ನೂರರ ಅಳತೆಗೆ ಹೊಂದಿಸಿದೆ. 40 ದಾಟಿದರೆ ನಡಿಗೆ ಕುಗ್ಗುತ್ತದೆ. 60 ದಾಟಿದರೆ ಗುರಿಯ ಚುಕ್ಕೆ ನಡುಗುತ್ತದೆ, ಪರದೆಯ ಅಂಚು ಕೆಂಪಾಗುತ್ತದೆ. ಎಲ್ಲವೂ ಕಣ್ಣಿಗೆ ಕಾಣುತ್ತದೆ. ಎಂಟು ಲೇಸರ್ ಒಟ್ಟಿಗೆ ಬಿಟ್ಟವನು ಈಗ ಓಡಿ ಅಡಗಲಾರ. ಯಾವ ದಂಡದ ಪಟ್ಟಿಯೂ ಬೇಕಾಗಲಿಲ್ಲ.

ಬೀದರಿನ ಗೆಳೆಯನ ದೂರಿನಲ್ಲಿ ಇನ್ನೊಂದು ಭಾಗ ಉಳಿದಿತ್ತು. "ಗ್ವಾಡಿ ಹಿಂದ ಬಂದ ಮ್ಯಾಲೂ ಸತ್ತೀನಿ" ಅನ್ನುತ್ತಿದ್ದ. ಎಲ್ಲರ ಆಟ ನಡೆಸುವ ಕಂಪ್ಯೂಟರ್, ಅಂದರೆ ಸರ್ವರ್, ನನ್ನ ಕೋಣೆಯಲ್ಲಿತ್ತು. ಅವನ ಪಿಂಗ್, ಅಂದರೆ ಸುದ್ದಿ ಹೋಗಿ ಬರಲು ಹಿಡಿಯುವ ಸಮಯ, 130 ಮಿಲಿಸೆಕೆಂಡ್. ಅವನು ಮೂಲೆ ದಾಟಿದ ಸುದ್ದಿ ನನಗೆ ಬರಬೇಕು, ಸತ್ತ ಸುದ್ದಿ ಅವನಿಗೆ ಹೋಗಬೇಕು. ಅಷ್ಟರಲ್ಲಿ ಅವನ ಪರದೆಯಲ್ಲಿ ಮೆಕ್ ಎರಡು ಮೀಟರ್ ಒಳಗೆ ಹೋಗಿರುತ್ತದೆ. ನನ್ನ ಕೋಣೆಯಲ್ಲಿ ಕೂತವರಿಗೆ ಈ ತೊಂದರೆಯೇ ಇಲ್ಲ. ನಾವು ಆಯುಧವನ್ನು ಬೈಯುತ್ತಿದ್ದೆವು, ಅರ್ಧ ತಪ್ಪು ತಂತಿಯದು. ಅಂದಿನಿಂದ ಪರೀಕ್ಷೆಯ ದಿನ ನನ್ನ ಕೋಣೆಯ ಹುಡುಗರಿಗೂ ಅಷ್ಟೇ ತಡವನ್ನು ಪ್ರೋಗ್ರಾಮಿನಲ್ಲೇ ಸೇರಿಸುತ್ತೇನೆ. ಇದನ್ನು ಮಾಡದೆ ಆಯುಧಗಳ ಬ್ಯಾಲೆನ್ಸ್ ನೋಡಲು ಕೂರಬೇಡಿ, ಸಿಕ್ಕ ಲೆಕ್ಕವೆಲ್ಲ ಸುಳ್ಳಾಗುತ್ತದೆ.

ಒಂದು ಬಿಲ್ಡ್ ನಿಜವಾಗಿ ಓಪಿ, ಅಂದರೆ ಮಿತಿ ಮೀರಿದ ಬಲದ್ದು, ಹೌದೋ ಅಲ್ಲವೋ ಅಂತ ತಿಳಿಯಲು ನಾನು ಕಂಡುಕೊಂಡ ದಾರಿ ಸರಳ. ಬಿಲ್ಡ್ ಅದಲುಬದಲು ಮಾಡುತ್ತೇನೆ. ಗೆಲ್ಲುವವನ ಮೆಕ್ಕನ್ನು ಅಕ್ಕನ ಮಗನ ಕೈಗೆ ಕೊಡುತ್ತೇನೆ, ಅದೇ ನಕ್ಷೆ, ಅದೇ ಜನ. ಆರು ಲೇಸರಿನ ಮೆಕ್ ಕೊಟ್ಟಾಗ ಯಾವತ್ತೂ ಕೊನೆಗೆ ಇರುವ ಹುಡುಗ ಸತತ ಮೂರು ಆಟದಲ್ಲಿ ಮೊದಲ ಸ್ಥಾನಕ್ಕೆ ಬಂದ. ಅದು ಬಿಲ್ಡಿನ ಬಲ. ಯಾದಗಿರಿಯ ಒಬ್ಬ ಹುಡುಗನ ಮೇಲೂ ಎಲ್ಲರ ಕಣ್ಣಿತ್ತು. ಹಾರುವ ಜೆಟ್, ಹತ್ತಿರದಿಂದ ಹೊಡೆಯುವ ರಾಕೆಟ್. "ಅದನ್ನ ನರ್ಫ್ ಮಾಡ್ರಿ ಅಣ್ಣಾ", ಅಂದರೆ ಅದರ ಬಲ ಇಳಿಸಿ, ಅಂತ ದಿನಾ ಒತ್ತಾಯ. ಆ ಮೆಕ್ಕನ್ನು ಒಬ್ಬೊಬ್ಬರಿಗೂ ಕೊಟ್ಟೆ. ಏಳೂ ಜನ ಸೋತರು. ಆ ಬಲ ಅವನ ಕೈಯದು, ಅವನು ಕಲಿತು ಗಳಿಸಿದ್ದು. ಆ ರಾಕೆಟ್ಟಿನ ಒಂದು ಅಂಕಿಯನ್ನೂ ನಾನು ಮುಟ್ಟಲಿಲ್ಲ, ಮುಟ್ಟುವುದೂ ಇಲ್ಲ.

ದೂರದಿಂದ ಹೊಡೆಯುವ ಗೌಸ್ ತೋಪಿನದು ಬೇರೆ ಸಮಸ್ಯೆ. 15 ಟನ್ ತೂಕ, 15 ಹೊಡೆತ, ಶಾಖ ಬರೀ 1. ಶಾಖದ ನಿಯಮ ಅದಕ್ಕೆ ತಾಗುವುದೇ ಇಲ್ಲ. ನಮ್ಮ ಕಲಬುರಗಿ ಕೋಟೆಯ ಮೇಲೆ 29 ಅಡಿ ಉದ್ದದ ತೋಪಿದೆ, ನೋಡಿರಬೇಕು. ಅಷ್ಟು ದೊಡ್ಡದನ್ನು ಹೊತ್ತುಕೊಂಡು ಓಡಾಡಲು ಆಗುವುದಿಲ್ಲ. ಇದ್ದಲ್ಲೇ ಇರಬೇಕು, ಶತ್ರು ಅದರ ಎದುರು ಬರಬೇಕು. ಗೌಸ್‌ಗೂ ಹಾಗೇ ಮಾಡಿದೆ. ಗುಂಡಿ ಒತ್ತಿ ಹಿಡಿದು ಅದನ್ನು ತುಂಬಿಸಬೇಕು, ತುಂಬುವಾಗ ಮೆಕ್ ತಿರುಗುವುದು ಅರ್ಧಕ್ಕೆ ಇಳಿಯುತ್ತದೆ. ಪಕ್ಕದಿಂದ ನುಗ್ಗಿದ ಸಣ್ಣ ಮೆಕ್ ಅದನ್ನು ಮುರಿಯಬಲ್ಲದು. ಅಕ್ಕನ ಮಗ ಈಗ ಅದೇ ಕೆಲಸದಲ್ಲಿ ಗಟ್ಟಿಯಾಗಿದ್ದಾನೆ.

ಹೋದ ಭಾನುವಾರ ಶಹಾಬಾದಿನ ಹುಡುಗ ನಾಲ್ಕು ಲೇಸರ್, ಒಂದು ತೋಪು ಕಟ್ಟಿಕೊಂಡು ಬಂದಿದ್ದ. ಬೀದರಿನ ಗೆಳೆಯ ಅದೇ ಹಳೆಯ ಮೂಲೆ ದಾಟಿದ. ಕಿರಣ ಬಿತ್ತು. ಅವನು ಮೈ ತಿರುಗಿಸಿ ಎಡ ತೋಳು ಕಳೆದುಕೊಂಡ, ಬದುಕಿದ, ಗೋಡೆಯ ಇನ್ನೊಂದು ಬದಿಯಿಂದ ಬಂದು ಬಲಗೈಯಿಂದ ಹೊಡೆದ. "ಈಗ ಆಟ ಅದ ನೋಡ್ರಿ ಅಣ್ಣಾ!" ಅಂತ ಕೂಗಿದ್ದು ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು. ಶಹಾಬಾದಿನ ಹುಡುಗ ಆಗಲೇ ನನ್ನ ನೋಟ್‌ಬುಕ್ ಎಳೆದುಕೊಂಡು ಮಿಸೈಲಿನ ಪುಟ ತೆರೆದು ಪೆನ್ಸಿಲ್ ಹಿಡಿದಿದ್ದ.