ವಾಚ್‌ಮನ್ ಕೆಲಸ ಹುಡುಕೋದು ಬಿಟ್ಟ ಮೇಲೆ

ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಲ್ಲಿ ತಗಡು ಒತ್ತಿ ಕತ್ತರಿಸೋ ಪವರ್ ಪ್ರೆಸ್‌ಗೆ ಬೆರಳು ಕೊಟ್ಟವರನ್ನು ಮತ್ತೆ ಅದೇ ಶೆಡ್ಡಿಗೆ ಸೇರಿಸ್ತೀನಿ ಅಂದಾಗ ನಮ್ಮ ಕೌನ್ಸೆಲರ್‌ಗಳೇ ನಕ್ಕಿದ್ದರು. ಈಗ 11–12 ಜನರನ್ನು ಸೇರಿಸಿದ್ದೇನೆ, 9 ಜನ ಅಲ್ಲೇ ನಿಂತಿದ್ದಾರೆ. ನಗಲಿ ಈಗ.

ಮೊದಲು ನಾನೂ ಅವರಿಗೆ ವಾಚ್‌ಮನ್ ಕೆಲಸವನ್ನೇ ಹುಡುಕುತ್ತಿದ್ದೆ. 18 ಸಾವಿರ ಎಣಿಸುತ್ತಿದ್ದ ಆಪರೇಟರ್ ಹನ್ನೊಂದು ಸಾವಿರಕ್ಕೆ ರಾತ್ರಿಯಿಡೀ ಗೇಟು ಕಾಯಬೇಕು. ಹಬ್ಬಕ್ಕೆ ಊರಿಗೆ ಹೋದವನು ವಾಪಸ್ ಬರುತ್ತಿರಲಿಲ್ಲ. ಒಬ್ಬನಿಗೆ ಟೀ ಅಂಗಡಿ ಹಾಕಿಸಿದೆ. 40 ಸಾವಿರ ಮುಳುಗಿತು, ಅದರಲ್ಲಿ 6 ಸಾವಿರ ನನ್ನ ಕೈಯದು. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವೃತ್ತಿ ತರಬೇತಿಗೆ ಕಳಿಸೋಣ ಅಂದರೆ ಶೇ 40 ಅಂಗವೈಕಲ್ಯ ಬೇಕು, ಎರಡು ಬೆರಳು ಹೋದರೆ ಕಾನೂನಿನ ಪಟ್ಟಿಯಲ್ಲಿರೋದು ಶೇ 20.

ಬುದ್ಧಿ ಕಲಿಸಿದವನು ಒಬ್ಬ ಹುಡುಗ. ಬಲಗೈಯ ತೋರುಬೆರಳು, ನಡುಬೆರಳು ಎರಡೂ ಇಲ್ಲ. ಬಾಕಿ ಸಂಬಳ ಕೇಳೋಕೆ ಜೊತೆಗೆ ಹೋಗಿದ್ದೆ. ಬಿನ್ನಿನಿಂದ ಒಂದು ಪೀಸ್ ಎತ್ತಿ, "ಡೈ ಸವೆದಿದೆ ಮೇಡಂ, ಬರ್ ನೋಡಿ" ಅಂದ. ಡೈ ಅಂದ್ರೆ ತಗಡಿಗೆ ಆಕಾರ ಕೊಡೋ ಅಚ್ಚು, ಬರ್ ಅಂದ್ರೆ ಕತ್ತರಿಸಿದ ಅಂಚಲ್ಲಿ ಉಳಿಯೋ ಚೂಪು ಸಿಬಿರು. ಏಳು ವರ್ಷ ಪಳಗಿದ ಕಣ್ಣು! ಇನ್‌ಸ್ಪೆಕ್ಷನ್ ಟೇಬಲ್ಲಿಗೆ ಅವನನ್ನು ಬಿಟ್ಟು ಇನ್ಯಾರು? ಮೊದಲ 15 ದಿನ ಅರ್ಧ ಹೊತ್ತು ಕೆಲಸ, ಅರ್ಧ ಸಂಬಳ, ಆಮೇಲೆ ಪೂರ್ತಿ ಅಂತ ಓನರ್‌ನನ್ನು ಒಪ್ಪಿಸಿದೆ. ಓನರ್ ಎದುರು ಬಾಯಿಬಿಡುವ ಮೊದಲ ಮಾತು ಯಾವುದು ಅನ್ನೋದು ನನ್ನಲ್ಲೇ ಇರಲಿ.

ಇನ್ನೊಬ್ಬನಿಗೆ ಎಲ್ಲ ಕುದುರಿ ಕೊನೆಗೆ ಮುರಿಯಿತು. ದುಡಿಯೋಕೆ ಹೋದರೆ ಇಎಸ್‌ಐ ಪಿಂಚಣಿ ನಿಲ್ಲುತ್ತೆ ಅಂತ ಹೆಂಡತಿ ಕಳಿಸಲಿಲ್ಲ. ನಿಲ್ಲೋದು ತಾತ್ಕಾಲಿಕ ಅಂಗವೈಕಲ್ಯದ ದುಡ್ಡು. ಮೆಡಿಕಲ್ ಬೋರ್ಡ್ ಬರೆದ ಶಾಶ್ವತದ್ದು ಕೆಲಸಕ್ಕೆ ಸೇರಿದರೂ ಬರುತ್ತೆ. ಈಗ ಮೊದಲು ಮನೆಗೇ ಹೋಗಿ ಇದನ್ನು ಹೇಳ್ತೀನಿ.

ನಡುವೆ ಏನೇನೋ ಮಾಡಿದೆ. ಸಿಲಿಕೋನ್‌ನ ಕೃತಕ ಬೆರಳಿಗೆ ಹತ್ತತ್ತಿರ 14 ಸಾವಿರ ಆಯಿತು. ಎಣ್ಣೆ ತಾಗಿದರೆ ಜಾರುತ್ತೆ, ಈಗ ಮದುವೆಗಳಿಗಷ್ಟೇ. ಪೀಸ್ ಅಳೆಯೋ ವರ್ನಿಯರ್‌ಗೆ 30 ರೂಪಾಯಿಯ ಸೈಕಲ್ ಗ್ರಿಪ್ ಕೊಯ್ದು ಸುತ್ತಿದ್ದು ಹಿಡಿತಕ್ಕೆ ಬಂತು. ಬೆರಳಿನ ಮೊಂಡು ತುದಿ ಮುಟ್ಟಿದರೆ ಚುರ್ ಅನ್ನೋದಕ್ಕೆ ದಿನಾ ರಾಗಿ ಡಬ್ಬದಲ್ಲಿ ಕೈಯಾಡಿಸಲು ಹೇಳಿದ್ದೆ, ಐದಾರು ವಾರ ಹಿಡಿಯಿತು.

ಪ್ರೆಸ್ ಧಡ್ ಅಂದಾಗೆಲ್ಲ ಆ ಹುಡುಗ ಬೆಚ್ಚುತ್ತಿದ್ದ. ಟೇಬಲ್ ಗೋಡೆ ಕಡೆ ತಿರುಗಿಸಿದೆ, ಹೆಚ್ಚಾಯಿತು. ಪ್ರೆಸ್ ಎದುರಿಗೇ ಕಾಣೋ ಹಾಗೆ ಕೂರಿಸಿದೆ. ಏಟು ಬೀಳೋದು ಮೊದಲೇ ಗೊತ್ತಾಗುತ್ತೆ ಮೇಡಂ, ಈಗ ಪರವಾಗಿಲ್ಲ ಅಂದ.