ಹಸಿರು ಮನೆ ಒಬ್ಬಳ ಬೆನ್ನ ಮೇಲೆ ಬೇಡ

ಪ್ಲಾಸ್ಟಿಕ್ ಬಿಡೋಣ, ಗೊಬ್ಬರ ಮನೆಯಲ್ಲೇ ಮಾಡೋಣ, ಸೋಪಿನ ಬದಲು ಅಂಟುವಾಳ ಬಳಸೋಣ ಅಂತ ಈಗ ಎಷ್ಟೋ ಮನೆಗಳಲ್ಲಿ ಮಾತಾಗುತ್ತದೆ. ನನಗೆ ಖುಷಿಯೇ. ಆದರೆ ನಮ್ಮ ಮೂಡಿಗೆರೆ ಕಡೆ ನಾನು ನೋಡಿದ ಹಾಗೆ ತೀರ್ಮಾನ ಎಲ್ಲರದ್ದು, ಕೆಲಸ ಮಾತ್ರ ಒಬ್ಬಳದ್ದು. ಜನ ದಿನದ ಹೊತ್ತು ಹೇಗೆ ಕಳೆಯುತ್ತಾರೆ ಅಂತ 2019ರಲ್ಲಿ ಕೇಂದ್ರ ಸರ್ಕಾರ ಸಮೀಕ್ಷೆ ಮಾಡಿಸಿತ್ತು. ಮನೆಗೆಲಸಕ್ಕೆ ಕೈಹಾಕುವವರ ಲೆಕ್ಕ ಮಾತ್ರ ಹಿಡಿದರೂ ಹೆಂಗಸರದ್ದು ದಿನಕ್ಕೆ 299 ನಿಮಿಷ, ಗಂಡಸರದ್ದು 97. ಅದರ ಮೇಲೆ ಅಂಟುವಾಳ ಕುದಿಸೋದೂ ಅವಳ ತಲೆಗೇ ಬಂದರೆ ಅದು ಎಷ್ಟು ದಿನ ನಡೆದೀತು? ಹೊಸದೇನೇ ಶುರು ಮಾಡುವ ಮುಂಚೆ ಇದು ಯಾರ ಕೆಲಸ ಅಂತ ಹೆಸರು ಹಿಡಿದು ಹೇಳಿಬಿಡಿ.

ಮೊದಲು ಬಚ್ಚಲೊಲೆ ನೋಡಿ. ಎಣ್ಣೆ ಕವರು, ಚಿಪ್ಸ್ ಪ್ಯಾಕೆಟ್ಟು ಎಲ್ಲ ಹಂಡೆ ಒಲೆಗೆ ತುರುಕುವ ಅಭ್ಯಾಸ ಇನ್ನೂ ಹೋಗಿಲ್ಲ, ಮಳೆಗಾಲದಲ್ಲಿ ಸೌದೆ ಹಸಿಯಾಗಿದ್ದರಂತೂ ಬೆಂಕಿ ಹತ್ತಲಿ ಅಂತ ಮೊದಲು ಹಾಕೋದೇ ಅದನ್ನು. ಆ ವಿಷದ ಹೊಗೆ ಹೋಗೋದು ಬೆಳಗ್ಗೆ ಎದ್ದು ಒಲೆ ಊದುವವಳ ಎದೆಗೆ ಅಲ್ವಾ? ಬೂದಿಯೂ ಕೆಟ್ಟಿತು. ಅದನ್ನು ಪಾತ್ರೆಗೂ ಹಚ್ಚಬೇಡಿ, ಸೊಪ್ಪಿನ ಮಡಿಗೂ ಹಾಕಬೇಡಿ. ಮರಗಸಿಯಲ್ಲಿ, ಅಂದರೆ ತೋಟದ ನೆರಳಿನ ಮರಗಳ ರೆಂಬೆ ಸವರುವಾಗ, ಬಿದ್ದ ಸಣ್ಣ ರೆಂಬೆಗಳನ್ನು ಬೇಸಿಗೆಯಲ್ಲೇ ಒಣಗಿಸಿ ಕೊಟ್ಟಿಗೆಯಲ್ಲಿ ಪೇರಿಸಿಕೊಳ್ಳಿ. ಕವರುಗಳನ್ನು ತೊಳೆದು, ಒಣಗಿಸಿ, ಚೀಲದಲ್ಲಿ ಕೂಡಿಟ್ಟು ಕಸದ ಗಾಡಿಗೆ ಕೊಡಿ. ಒಲೆ ಹಚ್ಚುವ ಪಾಳಿ ಮನೆಯ ಗಂಡಸರಿಗೂ ಇರಲಿ.

ಗೊಬ್ಬರಕ್ಕೆ ತಳದಲ್ಲಿ ತೂತಿರುವ ಡ್ರಮ್ಮು ಸಾಕು. ತರಕಾರಿ ಸಿಪ್ಪೆ, ಡಿಕಾಕ್ಷನ್ ಇಳಿಸಿ ಉಳಿದ ಪುಡಿ ಹಾಕಿ, ಮೇಲೆ ಅದಕ್ಕಿಂತ ಜಾಸ್ತಿ ತರಗೆಲೆ ಮುಚ್ಚಿ. ಸಿಲ್ವರ್ ಓಕ್ ಎಲೆ ಬೇಗ ಕರಗಲ್ಲ, ಪುಡಿ ಮಾಡಿ ಹಾಕಿ. ವಾಸನೆ ಬಂದರೆ ನೀರು ಹೆಚ್ಚಾಗಿದೆ ಅಂತ ಅರ್ಥ, ಇನ್ನಷ್ಟು ಒಣ ಎಲೆ ಸೇರಿಸಿ ಕೆದಕಿ.

ಅಂಟುವಾಳದ ಬೀಜ ತೆಗೆದು ರಾತ್ರಿ ನೆನೆಹಾಕಿ, ಬೆಳಗ್ಗೆ ಕುದಿಸಿ ಸೋಸಿ. ಕೆಲವೇ ದಿನಕ್ಕೆ ಹುಳಿ ಬರುತ್ತದೆ, ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಿ. ಹೇಮಾವತಿ ಹುಟ್ಟೋದು ನಮ್ಮ ತಾಲ್ಲೂಕಿನ ಜಾವಳಿ ಹತ್ತಿರ. ಇಲ್ಲಿ ಹಳ್ಳಕ್ಕೆ ಬಿಟ್ಟ ಸೋಪಿನ ನೀರು ಸಕಲೇಶಪುರ ದಾಟಿ ಗೊರೂರು ಅಣೆಕಟ್ಟೆಗೇ ಹೋಗೋದು. ಹಾಗಂತ ವಾಷಿಂಗ್ ಮೆಷಿನ್ನು ಪರಿಸರಕ್ಕೆ ಕೆಟ್ಟದ್ದು ಅಂತ ಸೊಸೆಯನ್ನು ಬಟ್ಟೆ ಕಲ್ಲಿನ ಹತ್ತಿರ ನಿಲ್ಲಿಸಬೇಡಿ. ಮೆಷಿನ್ ತುಂಬಾ ಬಟ್ಟೆ ಹಾಕಿ, ತಣ್ಣೀರಲ್ಲಿ ಒಗೆಸಿ. ಕರೆಂಟು ಜಾಸ್ತಿ ಎಳೆಯೋದು ನೀರು ಕಾಯಿಸೋಕೆ.

ಮುಟ್ಟಿನ ಬಟ್ಟೆಯ ವಿಷಯ ಎಲ್ಲರೆದುರೇ ಹೇಳುತ್ತೇನೆ. ಮೊದಲು ತಣ್ಣೀರಲ್ಲಿ ನೆನೆಸಿ, ಬಿಸಿನೀರು ಬಿದ್ದರೆ ಕಲೆ ಕೂತುಬಿಡುತ್ತದೆ. ಸೀರೆ ಕೆಳಗೆ ಬಚ್ಚಿಟ್ಟು ಒಣಗಿಸೋದು ಬೇಡವೇ ಬೇಡ, ಬಿಸಿಲಿಗೆ ಹಾಕಿ, ಯಾರು ನೋಡಿದರೆ ಏನಂತೆ? ಮಳೆಗಾಲದಲ್ಲಿ ಒಣಗದಿದ್ದರೆ ಇಸ್ತ್ರಿ ಮಾಡಿ ಪೂರ್ತಿ ಒಣಗಿಸಿ, ತೇವ ಇದ್ದದ್ದನ್ನು ಹಾಕಿಕೊಳ್ಳಬೇಡಿ. ಮಗಳಿಗೆ ಪ್ಯಾಡೇ ಹಿತ ಅನಿಸಿದರೆ ಅವಳಿಷ್ಟ. ಅದನ್ನು ಪೇಪರಿನಲ್ಲಿ ಸುತ್ತಿ ಬೇರೆಯಾಗಿ ಕೊಟ್ಟರಾಯ್ತು. ಅವಳ ಮೈಮೇಲೆ ಪರಿಸರದ ಹೆಸರಲ್ಲಿ ನಮ್ಮ ಹುಕುಂ ನಡೆಯಬಾರದು.

ಇಷ್ಟೆಲ್ಲ ಮಾಡುವವಳಿಗೆ ತೋಟದಲ್ಲಿ ನೆರಳಿನ ಮರ ಕಡಿಯುವ ದಿನ ಮಾತೇ ಇರಲ್ಲ, ಯಾಕೆಂದರೆ ಜಮೀನಿನ ದಾಖಲೆಯಾದ ಪಹಣಿಯಲ್ಲಿ ಅವಳ ಹೆಸರಿಲ್ಲ. ನನಗೆ ಜಾಸ್ತಿ ಸಂಕಟ ಆಗೋದು ಇದಕ್ಕೇ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ 2005ರ ತಿದ್ದುಪಡಿಯಿಂದ ಹಿಂದೂ ಕುಟುಂಬದಲ್ಲಿ ಮದುವೆಯಾದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕಿದೆ. ತವರಿನವರು ಅರಿಶಿನ ಕುಂಕುಮಕ್ಕೆ ಕರೆದಾಗ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸುಮ್ನೆ ಸಹಿ ಹಾಕಿ ಬರಬೇಡಿ. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ, ಆಗುವಾಗ ನಿಮ್ಮ ಹೆಸರೂ ಸೇರಿದೆಯಾ ಅಂತ ಪಹಣಿ ತೆಗೆಸಿ ನೋಡಿ.